ಕುತ್ತಿಗೆಯ ಗಂಟಿನಿಂದ ಕಿಮೋ ವಾರ್ಡಿನವರೆಗೆ: ಲಿಂಫೋಮಾ ಕುರಿತು ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಿಗೆ ಒಂದು ಕೈಪಿಡಿ

ನೋಯದ ಗಂಟನ್ನು ಯಾರೂ ಬೇಗ ಆಸ್ಪತ್ರೆಗೆ ಒಯ್ಯುವುದಿಲ್ಲ. ಹಲ್ಲುನೋವಿಗೆ, ಮುಳ್ಳು ನಟ್ಟು ಕೀವಾದ ಕಾಲಿಗೆ ಅದೇ ದಿನ ಸಿಂಧನೂರಿಗೋ ಗಂಗಾವತಿಗೋ ಹೋಗಿ ಬರುವವರು, ಕುತ್ತಿಗೆಯ ಪಕ್ಕದಲ್ಲಿ ಅಡಿಕೆ ಗಾತ್ರದ ಗಂಟೊಂದು ತಿಂಗಳುಗಟ್ಟಲೆ ಉಳಿದಿದ್ದರೂ ಹತ್ತಿ ಬಿಡಿಸುವುದು ಮುಗಿಯಲಿ, ಭತ್ತದ ಕೊಯ್ಲು ಮುಗಿಯಲಿ ಎಂದು ಮುಂದಕ್ಕೆ ಹಾಕುತ್ತಾರೆ. ಲಿಂಫೋಮಾ ಎಂಬ ಕ್ಯಾನ್ಸರ್ ಹೆಚ್ಚಾಗಿ ಶುರುವಾಗುವುದು ಇಂಥ ನೋವಿಲ್ಲದ ಗಂಟಾಗಿಯೇ. ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಕ್ಯಾನ್ಸರ್‌ಗಳ ಪೈಕಿ ಇದೂ ಒಂದು. ಆದರೆ ಇದರಲ್ಲಿ ಹತ್ತಾರು ಬಗೆಗಳಿವೆ, ಒಂದಕ್ಕೆ ಕೊಡುವ ಔಷಧ ಇನ್ನೊಂದಕ್ಕೆ ಸಲ್ಲುವುದಿಲ್ಲ. ಆದ್ದರಿಂದ ಈ ಬರಹದುದ್ದಕ್ಕೂ ಒತ್ತಿ ಹೇಳುವ ಮಾತು ಒಂದೇ: ಗಂಟಿನ ತುಂಡು ಪರೀಕ್ಷೆಯಾಗಿ ರೋಗದ ಪೂರ್ತಿ ಹೆಸರು ಕಾಗದದ ಮೇಲೆ ಬರುವ ಮುನ್ನ ಯಾವ ದೀರ್ಘ ಚಿಕಿತ್ಸೆಗೂ ಒಪ್ಪಬೇಡಿ; ಬಂದ ಮೇಲೆ ಸುಮ್ಮನೆ ದಿನ ಕಳೆಯಬೇಡಿ.

ಯಾವ ಗಂಟನ್ನು ತೋರಿಸಬೇಕು

ನಮ್ಮ ದೇಹದಲ್ಲಿ ನೂರಾರು ದುಗ್ಧರಸ ಗ್ರಂಥಿಗಳಿವೆ. ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿರುವವು ಕೈಗೆ ಸಿಗುತ್ತವೆ; ಎದೆ ಮತ್ತು ಹೊಟ್ಟೆಯೊಳಗಿನವು ಸಿಗುವುದಿಲ್ಲ. ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಇಲ್ಲಿ ನೆಲೆಸಿ ಸೋಂಕಿನೊಡನೆ ಹೋರಾಡುತ್ತವೆ. ಈ ಕಣಗಳಲ್ಲೇ ಒಂದು ಕೆಟ್ಟು, ಅಂಕೆಯಿಲ್ಲದೆ ಬೆಳೆಯತೊಡಗಿದರೆ ಅದು ಲಿಂಫೋಮಾ. ಸೋಂಕು ಬಂದಾಗ ಗ್ರಂಥಿ ಊದಿಕೊಳ್ಳುವುದು ಸಹಜ, ಹಾಗಾಗಿ ಪ್ರತಿ ಗಂಟೂ ಕ್ಯಾನ್ಸರ್ ಅಲ್ಲ. ಬರಿಗಾಲಲ್ಲಿ ಹೊಲದ ಕೆಲಸ ಮಾಡುವವರ ತೊಡೆಸಂದಿನಲ್ಲಿ ಸಣ್ಣ ಗಂಟುಗಳು ವರ್ಷಗಟ್ಟಲೆ ಇರುವುದುಂಟು. ತಲೆಯಲ್ಲಿ ಹೇನು, ಹುಣ್ಣು ಇರುವ ಮಕ್ಕಳಿಗೆ ಹಿಂಗತ್ತಿನಲ್ಲಿ ಗಂಟು ಕಟ್ಟುವುದುಂಟು. ಇವುಗಳಿಗೆ ಗಾಬರಿಯಾಗಬೇಕಿಲ್ಲ.

ಎಚ್ಚರವಿರಬೇಕಾದದ್ದು ಬೇರೆ ಬಗೆಯ ಗಂಟಿನ ಬಗ್ಗೆ. ನಾಲ್ಕರಿಂದ ಆರು ವಾರ ಕಳೆದರೂ ಕರಗದ, ಒಂದೂವರೆ ಎರಡು ಸೆಂಟಿಮೀಟರ್ ದಾಟಿದ, ಒತ್ತಿದರೆ ರಬ್ಬರಿನಂತೆ ಗಟ್ಟಿಯಾಗಿ ಪುಟಿಯುವ, ದಿನೇ ದಿನೇ ದೊಡ್ಡದಾಗುವ ಗಂಟನ್ನು ವೈದ್ಯರಿಗೆ ತೋರಿಸಲೇಬೇಕು. ಕೊರಳಿನ ಕೆಳಗೆ, ಕೊರಳೆಲುಬಿನ (ಕಾಲರ್ ಬೋನ್) ಮೇಲಿನ ಗುಳಿಯಲ್ಲಿ ಬಂದ ಗಂಟು ಎಷ್ಟೇ ಚಿಕ್ಕದಿರಲಿ, ಅದಕ್ಕೆ ಕಾಯುವ ಅವಧಿಯೇ ಇಲ್ಲ. ಗಂಟಿನ ಜೊತೆಗೆ ಮುಖ ಮತ್ತು ಕುತ್ತಿಗೆ ಊದಿಕೊಂಡು, ಅಂಗಾತ ಮಲಗಿದರೆ ಉಸಿರು ಕಟ್ಟಿದಂತಾದರೆ ಎದೆಯೊಳಗಿನ ಗ್ರಂಥಿಗಳು ದೊಡ್ಡ ರಕ್ತನಾಳವನ್ನು ಒತ್ತುತ್ತಿರಬಹುದು. ಅದು ಸರದಿ ಕಾಯುವ ಸ್ಥಿತಿಯಲ್ಲ, 108ಕ್ಕೆ ಕರೆ ಮಾಡಬೇಕಾದ ಸ್ಥಿತಿ.

ವೈದ್ಯರು ಮೂರು ವಿಷಯಗಳನ್ನು ಕೇಳಿಯೇ ಕೇಳುತ್ತಾರೆ: ಕಾರಣವಿಲ್ಲದೆ 38 ಡಿಗ್ರಿ ಸೆಲ್ಸಿಯಸ್ ಮೀರಿ ಬಂದು ಹೋಗುವ ಜ್ವರ, ರಾತ್ರಿ ಬಟ್ಟೆ ಹಾಸಿಗೆ ತೋಯುವಷ್ಟು ಬೆವರು, ಆರು ತಿಂಗಳಲ್ಲಿ ದೇಹತೂಕದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಕೆ. ಇವು ಇದ್ದರೆ ವರದಿಯಲ್ಲಿ ಹಂತದ ಅಂಕಿಯ ಮುಂದೆ ‘ಬಿ’ ಎಂದೂ ಇಲ್ಲದಿದ್ದರೆ ‘ಎ’ ಎಂದೂ ಬರೆಯುತ್ತಾರೆ. ನಮ್ಮ ಭಾಗದಲ್ಲಿ ಬೆವರಿನ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ಅಷ್ಟು ಸುಲಭವಲ್ಲ. ರಾಯಚೂರಿನ ಏಪ್ರಿಲ್, ಮೇ ತಿಂಗಳಲ್ಲಿ, ಕರೆಂಟ್ ಹೋದ ರಾತ್ರಿ ಬೆವರದೆ ಮಲಗುವವರು ಯಾರಿದ್ದಾರೆ? ಆದ್ದರಿಂದ ಹೀಗೆ ಯೋಚಿಸಿ ನೋಡಿ: ಪಕ್ಕದಲ್ಲಿ ಮಲಗಿದವರು ಬೆವರದೆ ಇದ್ದ ರಾತ್ರಿಯೂ, ಪುಷ್ಯ ಮಾಸದ ಚಳಿಯಲ್ಲೂ, ಎದ್ದು ಬನಿಯನ್ನೋ ಕುಪ್ಪಸವನ್ನೋ ಬದಲಿಸುವಷ್ಟು ಬೆವರಿದ್ದುಂಟೇ? ತೂಕದ ವಿಷಯವೂ ಹಾಗೆಯೇ. ಗುಳೆ ಹೋಗಿ ಬಂದವರು, ಸುಗ್ಗಿಯಲ್ಲಿ ದುಡಿದವರು ಸೊರಗುವುದು ಸಾಮಾನ್ಯವೆಂದು ಮನೆಯವರೇ ಸಮಾಧಾನ ಹೇಳಿಕೊಳ್ಳುತ್ತಾರೆ. ಅಂದಾಜಿನ ಮಾತು ಬಿಟ್ಟು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ತಕ್ಕಡಿಯಲ್ಲಿ ತಿಂಗಳಿಗೊಮ್ಮೆ ತೂಗಿ ಬರೆದಿಡಿ. ಕಾರಣ ತಿಳಿಯದ ಮೈತುರಿಕೆ ಕೂಡ ಹಾಡ್ಜ್‌ಕಿನ್ ಬಗೆಯ ಲಿಂಫೋಮಾದಲ್ಲಿ ಕಾಣುವುದುಂಟು, ಅದನ್ನೂ ಹೇಳಿ.

ಕ್ಷಯದ ಗಂಟೋ, ಲಿಂಫೋಮಾವೋ

ಇಲ್ಲಿ ನಿಧಾನವಾಗಿ ಓದಬೇಕು, ಏಕೆಂದರೆ ಲಿಂಫೋಮಾ ಪತ್ತೆಯಾಗುವುದು ತಡವಾಗುವುದಕ್ಕೆ ನಮ್ಮ ದೇಶದಲ್ಲಿ ಒಂದು ಮುಖ್ಯ ಕಾರಣ ಇಲ್ಲೇ ಇದೆ. ಕುತ್ತಿಗೆಯ ಗಂಟು, ಸಂಜೆಯ ಜ್ವರ, ಬೆವರು, ತೂಕ ಇಳಿಕೆ ಎಂಬ ಲಕ್ಷಣಗಳೆಲ್ಲ ಕ್ಷಯಕ್ಕೂ ಸೇರಿದವು. ಹಿರಿಯರು ಗಂಡಮಾಲೆ ಎನ್ನುತ್ತಿದ್ದದ್ದು ಹೆಚ್ಚಾಗಿ ಈ ಕ್ಷಯದ ಗಂಟನ್ನೇ. ಕ್ಷಯ ನಮ್ಮಲ್ಲಿ ವ್ಯಾಪಕವಾಗಿರುವುದರಿಂದ ವೈದ್ಯರ ಮನಸ್ಸಿಗೆ ಮೊದಲು ಬರುವುದೂ ಅದೇ, ಮತ್ತು ಅನೇಕ ಬಾರಿ ಅದು ನಿಜವೇ ಆಗಿರುತ್ತದೆ. ತೊಂದರೆಯಾಗುವುದು ಯಾವ ಪರೀಕ್ಷೆಯೂ ಇಲ್ಲದೆ ‘ಟಿಬಿ ಇರಬಹುದು’ ಎಂದು ಗುಳಿಗೆ ಶುರು ಮಾಡಿದಾಗ. ಗ್ರಂಥಿಯ ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ. ಗಂಟು ನಿಜವಾಗಿ ಲಿಂಫೋಮಾ ಆಗಿದ್ದರೆ ಆ ಆರು ತಿಂಗಳೂ ರೋಗಕ್ಕೆ ಸಿಕ್ಕ ಬಿಡುವು.

ಕೈಗೆ ಸಿಗುವ ವ್ಯತ್ಯಾಸಗಳು ಕೆಲವಿವೆ. ಕ್ಷಯದ ಗಂಟುಗಳು ಒಂದಕ್ಕೊಂದು ಅಂಟಿಕೊಂಡು, ಮೆತ್ತಗಾಗಿ, ಒಡೆದು ಸೋರುವುದುಂಟು. ಲಿಂಫೋಮಾದ ಗಂಟುಗಳು ಬಿಡಿಬಿಡಿಯಾಗಿ, ಗಟ್ಟಿಯಾಗಿ, ಚರ್ಮದ ಅಡಿಯಲ್ಲಿ ಸರಿದಾಡುವುದು ಹೆಚ್ಚು. ಆದರೆ ಇದನ್ನು ನಂಬಿ ತೀರ್ಮಾನಕ್ಕೆ ಬರುವ ಹಾಗಿಲ್ಲ. ಕ್ಷಯದ ಚಿಕಿತ್ಸೆಯ ನಡುವೆ ಗಂಟು ಕೆಲವೊಮ್ಮೆ ತಾತ್ಕಾಲಿಕವಾಗಿ ದೊಡ್ಡದಾಗುವುದೂ ಇರುವುದರಿಂದ, ದೊಡ್ಡದಾದ ಮಾತ್ರಕ್ಕೆ ಅದು ಕ್ಯಾನ್ಸರ್ ಎಂದೂ ಹೇಳಲಾಗದು. ನೀವು ಮಾಡಬಹುದಾದದ್ದು ಇಷ್ಟು: ಕ್ಷಯದ ಗುಳಿಗೆ ಬರೆದುಕೊಟ್ಟವರಿಗೆ ‘ಗಂಟಿನಿಂದ ತೆಗೆದ ಮಾದರಿಯಲ್ಲಿ ಕ್ಷಯ ಕಂಡಿದೆಯೇ?’ ಎಂದು ಗೌರವದಿಂದಲೇ ಕೇಳಿ. ಕ್ಷಯದ ರೋಗಾಣುವನ್ನು ಹುಡುಕುವ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಪರೀಕ್ಷೆಯ ಫಲಿತಾಂಶವೋ ತುಂಡು ಪರೀಕ್ಷೆಯ ವರದಿಯೋ ಇದ್ದರೆ ಗುಳಿಗೆಯನ್ನು ತಪ್ಪದೆ ನುಂಗಿ, ನಡುವೆ ಬಿಡಬೇಡಿ. ಯಾವುದೂ ಇಲ್ಲದಿದ್ದರೆ, ಅಥವಾ ಎರಡು ತಿಂಗಳ ಗುಳಿಗೆಯ ನಂತರವೂ ಗಂಟು ಬೆಳೆಯುತ್ತಲೇ ಇದ್ದರೆ, ಬಯಾಪ್ಸಿ, ಎಂದರೆ ತುಂಡು ಪರೀಕ್ಷೆ, ಕೇಳುವ ಹಕ್ಕು ನಿಮಗಿದೆ.

ಇನ್ನೊಂದು ಅಪಾಯ ಸ್ಟಿರಾಯ್ಡ್. ಊರಿನಲ್ಲಿ ಜ್ವರಕ್ಕೆ, ಮೈಕೈ ನೋವಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಚುಚ್ಚುಮದ್ದು ಕೊಡುವವರಿಗೆ ಕೊರತೆಯಿಲ್ಲ. ಸ್ಟಿರಾಯ್ಡ್ ಲಿಂಫೋಮಾದ ಕಣಗಳನ್ನು ಸ್ವಲ್ಪ ಕಾಲ ಕುಗ್ಗಿಸುತ್ತದೆ; ಗಂಟು ಇಳಿದು, ಮೈ ಹಗುರಾಗಿ, ರೋಗಿ ಗುಣವಾದೆನೆಂದು ಮನೆಗೆ ಬರುತ್ತಾರೆ. ಮರುಕಳಿಸಿದಾಗ ತುಂಡು ತೆಗೆದರೂ ಅದರಲ್ಲಿ ಕಾಣುವ ಕಣಗಳ ಚಿತ್ರಣ ಕೆಟ್ಟಿರುವುದರಿಂದ ರೋಗ ಯಾವುದೆಂದು ಹೇಳುವುದು ಕಷ್ಟವಾಗುತ್ತದೆ. ಗಂಟು ಇರುವಾಗ, ಬಯಾಪ್ಸಿಗೆ ಮೊದಲು, ಏನೆಂದು ತಿಳಿಯದ ಚುಚ್ಚುಮದ್ದನ್ನು ಹಾಕಿಸಿಕೊಳ್ಳಬೇಡಿ.

ಇಡೀ ಗ್ರಂಥಿಯನ್ನೇ ತೆಗೆಸಿ

ಸಾಮಾನ್ಯವಾಗಿ ಮೊದಲು ಆಗುವುದು ಸೂಜಿ ಪರೀಕ್ಷೆ, ಎಂದರೆ ಎಫ್‌ಎನ್‌ಎಸಿ. ಕ್ಷಯವನ್ನೋ ಬೇರೆ ಅಂಗದಿಂದ ಹರಡಿ ಬಂದ ಕ್ಯಾನ್ಸರನ್ನೋ ಹಿಡಿಯಲು ಅದು ಅನುಕೂಲ. ಲಿಂಫೋಮಾಕ್ಕೆ ಮಾತ್ರ ಅದು ಸಾಲದು. ಸೂಜಿಯಲ್ಲಿ ಬರುವುದು ಬಿಡಿ ಕಣಗಳು. ಲಿಂಫೋಮಾದ ಬಗೆಯನ್ನು ಹೇಳಲು ಕಣಗಳು ಗ್ರಂಥಿಯೊಳಗೆ ಹೇಗೆ ಜೋಡಣೆಯಾಗಿವೆ ಎಂಬುದು ಕಾಣಬೇಕು. ನಾಲ್ಕು ಇಟ್ಟಿಗೆ ಕೈಯಲ್ಲಿ ಹಿಡಿದು ಮನೆ ಎಷ್ಟು ಅಂಕಣದ್ದೆಂದು ಹೇಳಲಾಗದಷ್ಟೇ ಇದು. ಆದ್ದರಿಂದ ಸಾಧ್ಯವಿದ್ದಲ್ಲೆಲ್ಲ ಒಂದು ಗ್ರಂಥಿಯನ್ನು ಇಡಿಯಾಗಿ ತೆಗೆದು ಪರೀಕ್ಷಿಸುವುದೇ ಸರಿಯಾದ ಕ್ರಮ. ಗಂಟು ಹೊಟ್ಟೆಯೊಳಗೋ ಎದೆಯೊಳಗೋ ಇದ್ದರೆ ಸ್ಕ್ಯಾನ್ ನೋಡಿಕೊಂಡು ದಪ್ಪ ಸೂಜಿಯಿಂದ ಹಲವು ಎಳೆ ತೆಗೆಯುತ್ತಾರೆ. ಹಲವು ಕಡೆ ಗಂಟುಗಳಿದ್ದರೆ ತೊಡೆಸಂದಿನದಕ್ಕಿಂತ ಕುತ್ತಿಗೆಯದು ಉತ್ತಮ, ಏಕೆಂದರೆ ತೊಡೆಸಂದಿನ ಗ್ರಂಥಿಗಳಲ್ಲಿ ಹಳೆಯ ಸೋಂಕಿನ ಗುರುತುಗಳು ತುಂಬಿರುತ್ತವೆ.

‘ಚಾಕು ತಾಗಿದರೆ ಗಡ್ಡೆ ಹರಡುತ್ತದೆ’ ಎಂಬ ಮಾತು ನಮ್ಮ ಕಡೆ ಮನೆಮನೆಯಲ್ಲೂ ಕೇಳಿಬರುತ್ತದೆ. ಲಿಂಫೋಮಾದಲ್ಲಿ ಗ್ರಂಥಿ ತೆಗೆಯುವುದರಿಂದ ರೋಗ ಹರಡುವುದಿಲ್ಲ. ಬಯಾಪ್ಸಿಯಾದ ನಂತರ ಕೆಲವರ ಸ್ಥಿತಿ ಹದಗೆಡುವುದು, ರೋಗ ಅದಾಗಲೇ ಮುಂದುವರಿದಿದ್ದು ಚಿಕಿತ್ಸೆ ಶುರುವಾಗದೆ ಇರುವುದರಿಂದ.

ಸಣ್ಣ ಊರುಗಳಲ್ಲಿ ತೆಗೆದ ತುಂಡನ್ನು ಡಬ್ಬಿಯಲ್ಲಿ ಹಾಕಿ ರೋಗಿಯ ಕಡೆಯವರ ಕೈಗೇ ಕೊಟ್ಟು ಲ್ಯಾಬಿಗೆ ಕಳಿಸುವುದುಂಟು. ಆ ಕೆಲಸ ನಿಮಗೆ ಬಂದರೆ ಡಬ್ಬಿಯ ಮೇಲೆ ಹೆಸರು, ವಯಸ್ಸು, ತುಂಡು ತೆಗೆದ ಜಾಗ, ದಿನಾಂಕ ಬರೆದಿದೆಯೇ ನೋಡಿ. ತುಂಡು ಫಾರ್ಮಲಿನ್ ದ್ರವದಲ್ಲಿ ಪೂರ್ತಿ ಮುಳುಗಿರಬೇಕು, ದ್ರವ ತುಂಡಿನ ಹತ್ತು ಪಟ್ಟಾದರೂ ಇರಬೇಕು. ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಬೇಡಿ, ಮನೆಯಲ್ಲಿ ಎರಡು ದಿನ ಇಟ್ಟುಕೊಳ್ಳಬೇಡಿ, ಅದೇ ದಿನ ತಲುಪಿಸಿ. ಕ್ಷಯದ ಅನುಮಾನವೂ ಇದ್ದರೆ ತುಂಡಿನ ಒಂದು ಭಾಗವನ್ನು ಫಾರ್ಮಲಿನ್ ಇಲ್ಲದೆ ಸಲೈನಿನಲ್ಲಿ ಬೇರೆಯಾಗಿ ಇಡಬೇಕಾಗುತ್ತದೆ, ಏಕೆಂದರೆ ಫಾರ್ಮಲಿನ್‌ನಲ್ಲಿ ಕ್ಷಯದ ರೋಗಾಣು ಸಾಯುವುದರಿಂದ ಅದನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಮಾಡಲಾಗುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲೇ ಇದನ್ನು ಸರ್ಜನ್ನರಿಗೆ ನೆನಪಿಸಿದರೆ ಎರಡನೇ ಸಲ ಕೊಯ್ಯುವುದು ತಪ್ಪುತ್ತದೆ.

ಲ್ಯಾಬಿನಲ್ಲಿ ತುಂಡನ್ನು ಮೇಣದಲ್ಲಿ ಹುದುಗಿಸಿ ‘ಬ್ಲಾಕ್’ ಮಾಡುತ್ತಾರೆ, ಅದರಿಂದ ತೆಳುವಾಗಿ ಕೊಯ್ದು ಗಾಜಿನ ಸ್ಲೈಡ್ ಮಾಡುತ್ತಾರೆ. ಬ್ಲಾಕ್ ವರ್ಷಗಟ್ಟಲೆ ಕೆಡುವುದಿಲ್ಲ. ದೊಡ್ಡ ಆಸ್ಪತ್ರೆಗೆ ಹೋದಾಗ ಅಲ್ಲಿಯ ಪೆಥಾಲಜಿಸ್ಟ್ ಇದನ್ನೇ ಮತ್ತೆ ನೋಡುತ್ತಾರೆ. ವರದಿ ಮಾತ್ರ ಹಿಡಿದು ಬೆಂಗಳೂರಿನವರೆಗೆ ಹೋಗಿ, ಬ್ಲಾಕ್ ತರಲು ಮತ್ತೆ ರಾಯಚೂರಿಗೆ ವಾಪಸಾಗುವ ಕುಟುಂಬಗಳ ಅಲೆದಾಟ ಅನಾವಶ್ಯಕ. ಲ್ಯಾಬಿಗೆ ಲಿಖಿತ ಮನವಿ ಕೊಟ್ಟು, ಸಹಿ ಮಾಡಿ, ಸ್ಲೈಡ್ ಮತ್ತು ಬ್ಲಾಕ್ ಎರಡನ್ನೂ ಜೊತೆಗೆ ಒಯ್ಯಿರಿ.

ವರದಿಯಲ್ಲಿ ಏನಿರಬೇಕು

‘ಲಿಂಫೋಮಾ’ ಎಂಬ ಒಂದೇ ಪದವಿರುವ ವರದಿ ಅಪೂರ್ಣ. ಮೊದಲ ವಿಭಾಗ ಹಾಡ್ಜ್‌ಕಿನ್ ಮತ್ತು ನಾನ್ ಹಾಡ್ಜ್‌ಕಿನ್ ಎಂಬುದು. ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಹಾಡ್ಜ್‌ಕಿನ್ 1832ರಲ್ಲಿ ಈ ರೋಗವನ್ನು ವಿವರಿಸಿದ್ದರಿಂದ ಆ ಹೆಸರು. ರೀಡ್ ಸ್ಟರ್ನ್‌ಬರ್ಗ್ ಎಂಬ ದೊಡ್ಡ ಕಣಗಳು ಕಂಡರೆ ಅದು ಹಾಡ್ಜ್‌ಕಿನ್, ಹರೆಯದವರಲ್ಲಿ ಹೆಚ್ಚು. ನಾನ್ ಹಾಡ್ಜ್‌ಕಿನ್ ಗುಂಪಿನಲ್ಲಿ, ಕೆಟ್ಟಿರುವ ಲಿಂಫೋಸೈಟ್ ಯಾವ ಜಾತಿಯದೆಂಬುದರ ಮೇಲೆ ಬಿ ಕಣದವು, ಟಿ ಕಣದವು ಎಂದು ಮತ್ತೆ ಹಲವು ಬಗೆ. ಇವುಗಳನ್ನು ಬೇರ್ಪಡಿಸಲು ಇಮ್ಯುನೋಹಿಸ್ಟೋಕೆಮಿಸ್ಟ್ರಿ, ಚಿಕ್ಕದಾಗಿ ಐಎಚ್‌ಸಿ, ಎಂಬ ಬಣ್ಣದ ಪರೀಕ್ಷೆ ಬೇಕೇ ಬೇಕು. ಕಣದ ಮೇಲೆ ಸಿಡಿ 20 ಎಂಬ ಗುರುತು ಇದ್ದರೆ ಬಿ ಕಣ, ಸಿಡಿ 3 ಇದ್ದರೆ ಟಿ ಕಣ, ಸಿಡಿ 15 ಮತ್ತು ಸಿಡಿ 30 ಸಾಮಾನ್ಯವಾಗಿ ಹಾಡ್ಜ್‌ಕಿನ್ ಕಡೆ ಬೆರಳು ಮಾಡುತ್ತವೆ. ಕೆಐ 67 ಎಂಬ ಅಂಕಿ ಕಣಗಳು ಎಷ್ಟು ವೇಗವಾಗಿ ಬೆಳೆಯುತ್ತಿವೆ ಎಂದು ಹೇಳುತ್ತದೆ. ಖರ್ಚು ಉಳಿಸಲೆಂದು ಈ ಪರೀಕ್ಷೆಯನ್ನು ಬಿಡುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ದುಬಾರಿ ಉಳಿತಾಯ, ಏಕೆಂದರೆ ಸಿಡಿ 20 ಇದೆಯೋ ಇಲ್ಲವೋ ಎಂಬುದರ ಮೇಲೆಯೇ ರಿಟುಕ್ಸಿಮಾಬ್ ಎಂಬ ಮುಖ್ಯ ಔಷಧ ಕೊಡಬೇಕೋ ಬೇಡವೋ ಎಂಬುದು ನಿಂತಿದೆ.

ನಾನ್ ಹಾಡ್ಜ್‌ಕಿನ್‌ನಲ್ಲಿ ಅತಿ ಸಾಮಾನ್ಯವಾದದ್ದು ‘ಡಿಫ್ಯೂಸ್ ಲಾರ್ಜ್ ಬಿ ಸೆಲ್’ ಬಗೆ. ಇದು ವೇಗವಾಗಿ ಬೆಳೆಯುತ್ತದೆ, ಚಿಕಿತ್ಸೆಗೂ ಚೆನ್ನಾಗಿ ಸ್ಪಂದಿಸುತ್ತದೆ. ‘ಫಾಲಿಕ್ಯುಲರ್’ ಬಗೆ ನಿಧಾನದ್ದು. ತೊಂದರೆ ಕೊಡದಿದ್ದರೆ ಔಷಧವಿಲ್ಲದೆ ಬರೀ ತಪಾಸಣೆಯಲ್ಲಿ ಇಡುವುದೂ ಒಪ್ಪಿತ ಕ್ರಮವೇ. ಕ್ಯಾನ್ಸರ್ ಎಂದು ಹೇಳಿ ಔಷಧ ಕೊಡದೆ ಕಳಿಸಿದರು ಎಂದು ಮನೆಯವರು ಬೇಸರಪಟ್ಟುಕೊಂಡು ಬೇರೆ ದಾರಿ ಹಿಡಿಯುವುದು ಇಂಥ ಸಂದರ್ಭದಲ್ಲೇ. ಜಠರದಲ್ಲಿ ಬರುವ ಮಾಲ್ಟ್ ಎಂಬ ಬಗೆಯ ಲಿಂಫೋಮಾದಲ್ಲಿ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾಕ್ಕೆ ಆ್ಯಂಟಿಬಯಾಟಿಕ್ ಕೊಟ್ಟರೇ ಅನೇಕರಲ್ಲಿ ಗಂಟು ಕರಗುತ್ತದೆ.

ಲಿಂಫೋಮಾಕ್ಕೆ ನೆಂಟರಂತಿರುವ ಬೇರೆ ರಕ್ತ ಕ್ಯಾನ್ಸರ್‌ಗಳ ಬಗ್ಗೆಯೂ ಸ್ವಲ್ಪ ತಿಳಿದಿರಲಿ. ಮಕ್ಕಳಲ್ಲಿ ಬಿಳಿಚಿಕೊಳ್ಳುವುದು, ಬಿಡದ ಜ್ವರ, ಒಸಡಿನಿಂದ ರಕ್ತ, ಮೈಮೇಲೆ ನೀಲಿ ಕಲೆ ಕಂಡರೆ ತೀವ್ರ ಲ್ಯುಕೇಮಿಯಾದ, ಎಂದರೆ ಬಿಳಿ ರಕ್ತಕಣಗಳ ಕ್ಯಾನ್ಸರಿನ, ಅನುಮಾನ ಬರಬೇಕು. ಅದು ದಿನಗಳ ಲೆಕ್ಕದಲ್ಲಿ ಓಡಬೇಕಾದ ರೋಗ. ವಯಸ್ಸಾದವರ ಸಿಎಲ್‌ಎಲ್ ಎಂಬ ಲ್ಯುಕೇಮಿಯಾ ಎಷ್ಟೋ ವರ್ಷ ಚಿಕಿತ್ಸೆಯನ್ನೇ ಬೇಡುವುದಿಲ್ಲ. ಸಿಎಂಎಲ್ ಎಂಬ ಇನ್ನೊಂದು ಬಗೆಯ ಲ್ಯುಕೇಮಿಯಾಕ್ಕೆ ಇಮಾಟಿನಿಬ್ ಗುಳಿಗೆ ಇದೆ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಅದರ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿದ್ದರಿಂದ ಭಾರತೀಯ ಕಂಪನಿಗಳ ಕಡಿಮೆ ಬೆಲೆಯ ಗುಳಿಗೆ ಇಂದಿಗೂ ಸಿಗುತ್ತಿದೆ. ಅಸ್ಥಿಮಜ್ಜೆಯಲ್ಲಿ ಬೆಳೆಯುವ ಮಲ್ಟಿಪಲ್ ಮೈಲೋಮಾ ಎಂಬ ಕ್ಯಾನ್ಸರ್ ಮಾತ್ರ ನಮ್ಮಲ್ಲಿ ಸುಲಭವಾಗಿ ಮರೆಯಾಗುತ್ತದೆ. ಜೀವನವಿಡೀ ಮೂಟೆ ಹೊತ್ತ ಹಮಾಲರ, ಗಣಿಯಲ್ಲಿ ದುಡಿದವರ ಬೆನ್ನುನೋವನ್ನು ಯಾರೂ ಅನುಮಾನಿಸುವುದಿಲ್ಲ. ಐವತ್ತು ದಾಟಿದವರಿಗೆ ಬಿಡದ ಬೆನ್ನುನೋವಿನ ಜೊತೆ ರಕ್ತಹೀನತೆಯೋ ಕಿಡ್ನಿಯ ತೊಂದರೆಯೋ ಇದ್ದರೆ ಸೀರಮ್ ಪ್ರೋಟೀನ್ ಎಲೆಕ್ಟ್ರೊಫೊರೆಸಿಸ್ ಎಂಬ ರಕ್ತಪರೀಕ್ಷೆಯನ್ನು ಮಾಡಿಸಬೇಕೇ ಎಂದು ಕೇಳಿ.

‘ಯಾಕೆ ಬಂತು’ ಎಂಬ ಪ್ರಶ್ನೆಗೆ ಬಹುಪಾಲು ರೋಗಿಗಳಲ್ಲಿ ಒಂದೇ ಕಾರಣ ತೋರಿಸಲಾಗದು. ಎಚ್‌ಐವಿ, ಎಪ್‌ಸ್ಟೈನ್ ಬಾರ್ ವೈರಸ್, ಹೆಪಟೈಟಿಸ್ ಸಿ ಕೆಲವು ಬಗೆಗಳಿಗೆ ಸಂಬಂಧಿಸಿವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಲಿಂಡೇನ್ ಕೀಟನಾಶಕವನ್ನು ನಾನ್ ಹಾಡ್ಜ್‌ಕಿನ್ ಲಿಂಫೋಮಾ ಉಂಟುಮಾಡುವಂಥದ್ದೆಂದು ಖಚಿತವಾಗಿ ಪಟ್ಟಿ ಮಾಡಿತು. ಭತ್ತ, ಹತ್ತಿ, ಮೆಣಸಿನಕಾಯಿಗೆ ವಾರವಾರ ಎಣ್ಣೆ ಹೊಡೆಯುವ ನಮ್ಮ ಸೀಮೆಯಲ್ಲಿ ಕೈಗವಸು, ಮುಖಗವಸು ಇಲ್ಲದೆ ಪಂಪು ಹೊರುವುದನ್ನು ಬಿಡಲು ಇಷ್ಟು ಸಾಕು. ಆದರೆ ಇಂಥವರಿಗೆ ಇಂಥ ಎಣ್ಣೆಯಿಂದಲೇ ಬಂತು ಎಂದು ಹೇಳಲು ಸಾಲದು. ಲಿಂಫೋಮಾ ಅಂಟುರೋಗವಲ್ಲ. ತಟ್ಟೆ ಲೋಟ ಬೇರೆ ಇಡಬೇಕಿಲ್ಲ.

ಹಂತ ಮತ್ತು ಪೂರ್ವ ಪರೀಕ್ಷೆಗಳು

ರೋಗ ಎಲ್ಲೆಲ್ಲಿದೆ ಎಂದು ತಿಳಿಯಲು ಪೆಟ್ ಸಿಟಿ ಸ್ಕ್ಯಾನ್, ಕೆಲವು ಬಗೆಗಳಲ್ಲಿ ಸೊಂಟದ ಎಲುಬಿನಿಂದ ಅಸ್ಥಿಮಜ್ಜೆಯ ಪರೀಕ್ಷೆ ಮಾಡುತ್ತಾರೆ. ಒಂದು ಜಾಗದಲ್ಲಿದ್ದರೆ ಮೊದಲ ಹಂತ. ವಪೆಯ, ಎಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆಯ, ಒಂದೇ ಬದಿಯಲ್ಲಿ ಎರಡೋ ಹೆಚ್ಚೋ ಜಾಗಗಳಲ್ಲಿದ್ದರೆ ಎರಡನೆಯದು. ಎರಡೂ ಬದಿಯಲ್ಲಿದ್ದರೆ ಮೂರನೆಯದು. ಮಜ್ಜೆ, ಯಕೃತ್ತಿನಂಥ ಅಂಗಗಳಿಗೆ ಹರಡಿದ್ದರೆ ನಾಲ್ಕನೆಯದು. ‘ನಾಲ್ಕನೇ ಸ್ಟೇಜ್’ ಎಂದು ಕೇಳಿದೊಡನೆ ಹೊಲ ಮಾರುವುದು ಬೇಡ, ಮನೆಗೆ ಕರೆದೊಯ್ಯೋಣ ಎಂದು ತೀರ್ಮಾನಿಸುವವರಿದ್ದಾರೆ. ಬೇರೆ ಅನೇಕ ಕ್ಯಾನ್ಸರ್‌ಗಳ ಲೆಕ್ಕ ಲಿಂಫೋಮಾಕ್ಕೆ ಹೊಂದುವುದಿಲ್ಲ. ಹಾಡ್ಜ್‌ಕಿನ್ ಮತ್ತು ಡಿಫ್ಯೂಸ್ ಲಾರ್ಜ್ ಬಿ ಸೆಲ್ ಬಗೆಗಳಲ್ಲಿ ನಾಲ್ಕನೇ ಹಂತದಲ್ಲೂ ಪೂರ್ತಿ ಗುಣಪಡಿಸುವ ಉದ್ದೇಶದಿಂದಲೇ ಚಿಕಿತ್ಸೆ ಕೊಡುತ್ತಾರೆ.

ಕಿಮೋಗೆ, ಎಂದರೆ ಕ್ಯಾನ್ಸರ್ ಕಣಗಳನ್ನು ಕೊಲ್ಲುವ ಔಷಧಗಳ ಚಿಕಿತ್ಸೆಗೆ, ಮೊದಲು ಹೃದಯದ ಎಕೋ, ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆಗಳು ಆಗಿರಬೇಕು. ಹೆಪಟೈಟಿಸ್ ಬಿ ಹಿಂದೆಂದೋ ಬಂದು ಅಡಗಿದ್ದರೂ ರಿಟುಕ್ಸಿಮಾಬ್ ಅದನ್ನು ಎಬ್ಬಿಸಿ ಯಕೃತ್ತನ್ನು ಕೆಡಿಸಬಲ್ಲದು. ಮೊದಲೇ ತಿಳಿದರೆ ಗುಳಿಗೆಯಿಂದ ತಡೆಯಬಹುದು. ಮುಂದೆ ಮಕ್ಕಳು ಬೇಕೆನ್ನುವ ಹರೆಯದವರು ನಾಚದೆ ಈ ಹಂತದಲ್ಲೇ ಕೇಳಬೇಕು: ಗಂಡಸರ ವೀರ್ಯವನ್ನು ಮೊದಲೇ ಸಂಗ್ರಹಿಸಿಡಲು ಸಾಧ್ಯವಿದೆ, ಹೆಂಗಸರಿಗೂ ದಾರಿಗಳಿವೆ, ಚಿಕಿತ್ಸೆ ಶುರುವಾದ ಮೇಲೆ ಈ ಅವಕಾಶ ಕಡಿಮೆ.

ಎಲ್ಲಿಗೆ ಹೋಗಬೇಕು, ಹಣ ಎಲ್ಲಿಂದ

ಬಳ್ಳಾರಿಯಲ್ಲಿ ಜನ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇವು ಮೊದಲ ಮೆಟ್ಟಿಲು: ಬಯಾಪ್ಸಿ, ಸ್ಕ್ಯಾನ್, ಶಿಫಾರಸು ಪತ್ರ ಇಲ್ಲಿಂದ ಆಗಬೇಕು. ಮುಂದಿನ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ (ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ), ಕಲಬುರಗಿಯಲ್ಲಿರುವ ಅದರ ಕೇಂದ್ರ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಇವೆ. ರಾಯಚೂರಿನವರಿಗೆ ಹೈದರಾಬಾದಿನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆಯೂ ದೂರವಲ್ಲ, ಆದರೆ ರಾಜ್ಯದ ಗಡಿ ದಾಟಿದರೆ ನಿಮ್ಮ ಆರೋಗ್ಯ ಯೋಜನೆಯ ಕಾರ್ಡು ನಡೆಯುತ್ತದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ರಾಜ್ಯ ಸರ್ಕಾರ 2025ರಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೋಥೆರಪಿ ಕೇಂದ್ರಗಳನ್ನು ತೆರೆಯಲು ಆರಂಭಿಸಿದೆ. ಮೊದಲ ಕಿಮೋ ದೊಡ್ಡ ಆಸ್ಪತ್ರೆಯಲ್ಲಿ ಆಗಿ, ಉಳಿದವನ್ನು ಹತ್ತಿರದಲ್ಲಿ ಪಡೆಯಬಹುದೇ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಆಧಾರ್, ರೇಷನ್ ಕಾರ್ಡುಗಳಲ್ಲಿ ರೋಗಿಯ ಹೆಸರು ಒಂದೇ ರೀತಿ ಇದೆಯೇ ಎಂದು ಊರಿನಲ್ಲಿರುವಾಗಲೇ ನೋಡಿ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ಯಾವ ಪರೀಕ್ಷೆ, ಯಾವ ಔಷಧ ಯೋಜನೆಯೊಳಗೆ ಬರುತ್ತದೆ, ಯಾವುದಕ್ಕೆ ಕೈಯಿಂದ ಹಾಕಬೇಕು ಎಂದು ಅವರಲ್ಲಿ ಕೇಳಿ. ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅರ್ಜಿ ಹಾಕಲು ಆಸ್ಪತ್ರೆಯ ಖರ್ಚಿನ ಅಂದಾಜು ಪತ್ರ ಬೇಕಾಗುತ್ತದೆ. ಭಾರತದಲ್ಲಿ 2007ರಿಂದ ದೇಶೀಯವಾಗಿ ತಯಾರಾದ ರಿಟುಕ್ಸಿಮಾಬ್ ಸಿಗುತ್ತಿದೆ. ದುಬಾರಿ ಬ್ರ್ಯಾಂಡ್ ಇಲ್ಲವೆಂದು ಕೊರಗುವ ಅಗತ್ಯವಿಲ್ಲ.

ಪ್ರಯಾಣದ ಖರ್ಚನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ, ಆದರೆ ಚಿಕಿತ್ಸೆ ನಡುವೆ ನಿಲ್ಲುವುದು ಎಷ್ಟೋ ಸಲ ಅದರಿಂದಲೇ. ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗಾಗಿ ಹೋಗಿಬರಲು ರೈಲಿನ ಸ್ಲೀಪರ್ ಮತ್ತು ಮೂರನೇ ದರ್ಜೆಯ ಎಸಿಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗಾರರೊಬ್ಬರಿಗೆ ಶೇಕಡಾ 75. ಚಿಕಿತ್ಸೆ ಕೊಡುವ ಆಸ್ಪತ್ರೆಯ ವೈದ್ಯರು ಸಹಿ ಮಾಡಿದ ನಿಗದಿತ ನಮೂನೆಯನ್ನು ಸ್ಟೇಷನ್ ಕೌಂಟರಿನಲ್ಲಿ ಕೊಡಬೇಕು. ಕೊಪ್ಪಳ, ಹೊಸಪೇಟೆ, ಬಳ್ಳಾರಿಯವರಿಗೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್, ರಾಯಚೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಬೆಂಗಳೂರಿಗೆ ಒಯ್ಯುತ್ತವೆ. ಮಹಿಳೆಯರಿಗೆ 2023ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳು ಉಚಿತ. ಕಿದ್ವಾಯಿ ಆವರಣದಲ್ಲಿ ಧರ್ಮಶಾಲೆಯ ವ್ಯವಸ್ಥೆ ಇದೆ. ಮೊದಲ ದಿನವೇ ವಿಚಾರಿಸಿ.

ಕಿಮೋ ನಡೆಯುವ ತಿಂಗಳುಗಳು

ಡಿಫ್ಯೂಸ್ ಲಾರ್ಜ್ ಬಿ ಸೆಲ್ ಬಗೆಗೆ ಆರ್ ಚಾಪ್ ಎಂಬ ಐದು ಔಷಧಗಳ ಜೋಡಣೆಯನ್ನು 21 ದಿನಕ್ಕೊಮ್ಮೆ, ಸಾಮಾನ್ಯವಾಗಿ ಆರು ಸಲ ಕೊಡುತ್ತಾರೆ. ಹಾಡ್ಜ್‌ಕಿನ್‌ಗೆ ಎಬಿವಿಡಿ ಎಂಬ ನಾಲ್ಕು ಔಷಧಗಳು, ಹದಿನೈದು ದಿನಕ್ಕೊಮ್ಮೆ. ಕೆಲವರಿಗೆ ನಂತರ ಜನ ‘ಕರೆಂಟ್ ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆ. ಒಳ್ಳೆಯ ಚಿಕಿತ್ಸೆ ಸಿಕ್ಕರೆ ಹಾಡ್ಜ್‌ಕಿನ್ ರೋಗಿಗಳಲ್ಲಿ ಹತ್ತರಲ್ಲಿ ಎಂಟು ಮಂದಿಯಷ್ಟು, ಡಿಫ್ಯೂಸ್ ಲಾರ್ಜ್ ಬಿ ಸೆಲ್ ರೋಗಿಗಳಲ್ಲಿ ಹತ್ತರಲ್ಲಿ ಆರು ಮಂದಿಯಷ್ಟು ಗುಣವಾಗುತ್ತಾರೆ. ಎರಡು ಮೂರು ಕಿಮೋಗಳಿಗೇ ಗಂಟು ಮಾಯವಾಗುವುದು ಸಾಮಾನ್ಯ. ಗಂಟು ಹೋಯಿತೆಂದು ಮುಂದಿನ ಕಿಮೋ ಬಿಟ್ಟು ಹೊಲಕ್ಕಿಳಿಯುವುದು ಅಥವಾ ಗುಳೆ ಹೋಗುವುದು, ಕಣ್ಣಿಗೆ ಕಾಣದೆ ಉಳಿದ ರೋಗ ಮತ್ತೆ ಬಲವಾಗಿ ಏಳಲು ದಾರಿ ಮಾಡಿಕೊಟ್ಟಂತೆ.

ಈ ಎರಡೂ ಜೋಡಣೆಗಳಲ್ಲಿರುವ ಡಾಕ್ಸೋರುಬಿಸಿನ್ ಔಷಧ ಹಾಕಿದ ಮರುದಿನ ಮೂತ್ರ ಕೆಂಪಾಗುತ್ತದೆ, ಅದು ರಕ್ತವಲ್ಲ. ಅದೇ ಔಷಧ ಹಾಕುವಾಗ ಸೂಜಿಯ ಜಾಗ ಉರಿದರೆ ಮಾತ್ರ ಸಂಕೋಚಪಡದೆ ಕೂಡಲೇ ನರ್ಸನ್ನು ಕರೆಯಬೇಕು, ನಾಳದ ಹೊರಗೆ ಸೋರಿದರೆ ಮಾಂಸವೇ ಸುಡುತ್ತದೆ. ಆರ್ ಚಾಪ್‌ನಲ್ಲಿರುವ ವಿಂಕ್ರಿಸ್ಟಿನ್‌ನಿಂದ ಬೆರಳ ತುದಿ ಜೋಮು ಹಿಡಿಯುವುದು, ಮಲಬದ್ಧತೆ ಬರುತ್ತವೆ. ಅದರಲ್ಲೇ ಇರುವ ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಗುಳಿಗೆ ನುಂಗುವ ಐದು ದಿನ ಸಕ್ಕರೆ ಕಾಯಿಲೆಯವರು ರಕ್ತದ ಸಕ್ಕರೆ ನೋಡಿಕೊಳ್ಳಬೇಕು. ಎಬಿವಿಡಿ ಪಡೆಯುವವರಲ್ಲಿ ಒಣಕೆಮ್ಮು, ಏದುಸಿರು ಹೊಸದಾಗಿ ಕಂಡರೆ ಅದರಲ್ಲಿರುವ ಬ್ಲಿಯೋಮೈಸಿನ್ ಔಷಧ ಶ್ವಾಸಕೋಶಕ್ಕೆ ತಾಗಿರಬಹುದೆಂದು ಮುಂದಿನ ಸರದಿಗೆ ಮೊದಲೇ ತಿಳಿಸಬೇಕು. ಕೂದಲು ಮತ್ತೆ ಬರುತ್ತದೆ.

ಜೀವಕ್ಕೆ ಕುತ್ತಾಗುವುದು ಜ್ವರ. ಕಿಮೋ ಆದ ಏಳರಿಂದ ಹದಿನಾಲ್ಕು ದಿನಗಳ ನಡುವೆ ಬಿಳಿ ರಕ್ತಕಣಗಳು ತೀರಾ ಕುಸಿಯುತ್ತವೆ. ಆಗ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದ ಜ್ವರಕ್ಕೆ ಪ್ಯಾರಸಿಟಮಾಲ್ ನುಂಗಿ ಬೆಳಗಾಗಲೆಂದು ಮಲಗುವುದು ಅಪಾಯಕಾರಿ. ಗಂಟೆಗಳೊಳಗೆ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ಬೇಕು. ಮನೆಯಲ್ಲಿ ಥರ್ಮಾಮೀಟರ್ ಇರಲೇಬೇಕು. ಹಳ್ಳಿಯಲ್ಲಿದ್ದರೆ ಬೆಂಗಳೂರಿಗೆ ಹೊರಡಬೇಡಿ, ಮೊದಲು ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ‘ಇಂಥ ದಿನ ಕಿಮೋ ಆಗಿದೆ, ಬಿಳಿ ಕಣ ಕಡಿಮೆ ಇರಬಹುದು’ ಎಂದು ಚೀಟಿ ತೋರಿಸಿ. ಆ ವಾಕ್ಯವನ್ನು ಕಾಗದದಲ್ಲಿ ಬರೆದು ರೋಗಿಯ ಜೇಬಿನಲ್ಲಿಡುವುದು ಒಳ್ಳೆಯದು, ಏಕೆಂದರೆ ರಾತ್ರಿ ಪಾಳಿಯ ವೈದ್ಯರಿಗೆ ಹಿಂದಿನದೇನೂ ತಿಳಿದಿರುವುದಿಲ್ಲ.

ಊಟದ ಬಗ್ಗೆ ಪಥ್ಯ ಹೇಳುವವರು ಬಹಳ. ಬಿಸಿ ರೊಟ್ಟಿ, ಬೇಳೆ, ಬೇಯಿಸಿದ ಪಲ್ಯ, ಮೊಟ್ಟೆ, ಕಾಳು ಎಲ್ಲವೂ ಸಲ್ಲುತ್ತವೆ, ಪ್ರೋಟೀನ್ ಕಡಿಮೆಯಾಗಬಾರದು. ಬಾಯಿಹುಣ್ಣಿದ್ದಾಗ ಖಾರದ ಚಟ್ನಿಪುಡಿ ಬಿಟ್ಟು ಅಂಬಲಿ, ಗಂಜಿ ಕೊಡಿ. ರೊಟ್ಟಿಯೊಂದಿಗೆ ಹಸಿ ಮೆಂತೆಸೊಪ್ಪು, ಉಳ್ಳಾಗಡ್ಡಿ, ಸೌತೆಕಾಯಿ ಕಚ್ಚುವ ನಮ್ಮ ರೂಢಿಯನ್ನು ಬಿಳಿ ಕಣ ಕಡಿಮೆ ಇರುವ ದಿನಗಳಲ್ಲಿ ಬದಿಗಿಡುವುದು ಲೇಸು. ಕಾಯಿಸಿ ಆರಿಸಿದ ನೀರು, ಸಿಪ್ಪೆ ಸುಲಿಯುವ ಹಣ್ಣು ಒಳ್ಳೆಯದು. ಗಾಡಿಯ ಮಿರ್ಚಿ ಮಂಡಕ್ಕಿ ಆರು ತಿಂಗಳು ಕಾಯಲಿ. ನಾಟಿ ಔಷಧ, ಭಸ್ಮ, ಕಷಾಯಗಳನ್ನು ಕದ್ದು ಕೊಡಬೇಡಿ. ಕೊಡಲೇಬೇಕೆಂಬ ಮನಸ್ಸಿದ್ದರೆ ವೈದ್ಯರಿಗೆ ಹೇಳಿ ಕೇಳಿ, ಏಕೆಂದರೆ ಕಿಮೋ ಮತ್ತು ಅವು ಒಟ್ಟಿಗೆ ಯಕೃತ್ತಿನ ಮೇಲೆ ಬೀಳುತ್ತವೆ.

ರೋಗಿಯ ಜೊತೆ ಇರುವವರಿಗೆ

‘ಅಪ್ಪಗ ಹೇಳಬ್ಯಾಡ್ರಿ ಸರ್, ಎದಿ ಒಡಕೋತಾನ’ ಎಂದು ಕಾರಿಡಾರಿನಲ್ಲಿ ವೈದ್ಯರನ್ನು ತಡೆಯುವ ಮಕ್ಕಳು ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಕ್ಯಾನ್ಸರ್ ವಾರ್ಡಿನಲ್ಲಿ ಕುಳಿತ ಮನುಷ್ಯನಿಗೆ ತಾನು ಎಲ್ಲಿದ್ದೇನೆಂದು ತಿಳಿಯದೆ ಇರುವುದಿಲ್ಲ. ತಿಳಿದೂ ಕೇಳಲಾಗದೆ ಒಬ್ಬನೇ ಹೆದರುತ್ತಾನೆ. ಜ್ವರ ಬಂದಾಗ ಮುಚ್ಚಿಡಬಾರದು, ಸರದಿ ತಪ್ಪಿಸಬಾರದು ಎಂಬುದು ಅವನಿಗೆ ಮನದಟ್ಟಾಗಬೇಕಾದರೆ ಕಾಯಿಲೆ ಯಾವುದೆಂದು ಅವನಿಗೆ ಗೊತ್ತಿರಬೇಕು. ಒಮ್ಮೆಲೇ ಎಲ್ಲವನ್ನೂ ಹೇಳಬೇಕಿಲ್ಲ. ಎಷ್ಟು ತಿಳಿಯಬೇಕೆಂದಿದ್ದಾರೆ ಎಂದು ಅವರನ್ನೇ ಕೇಳಿ, ಅಷ್ಟನ್ನು ನಿಜವಾಗಿ ಹೇಳಿ.

ಮನೆಯಲ್ಲಿ ಒಬ್ಬರು ಕಡತದ ಹೊಣೆ ಹೊರಬೇಕು: ಬಯಾಪ್ಸಿ ವರದಿ, ಐಎಚ್‌ಸಿ, ಸ್ಕ್ಯಾನ್, ಪ್ರತಿ ಕಿಮೋದ ದಿನಾಂಕ ಮತ್ತು ಡೋಸು, ರಕ್ತದ ವರದಿಗಳು ದಿನಾಂಕದ ಕ್ರಮದಲ್ಲಿ ಒಂದೇ ಫೈಲಿನಲ್ಲಿರಲಿ, ಮೊಬೈಲಿನಲ್ಲಿ ಫೋಟೋ ಇರಲಿ. ಆರೈಕೆಯ ಭಾರವೆಲ್ಲ ಒಬ್ಬ ಹೆಂಡತಿಯ ಅಥವಾ ಒಬ್ಬ ಸೊಸೆಯ ಮೇಲೆ ಬೀಳುವುದು ನಮ್ಮ ಮನೆಗಳ ವಾಡಿಕೆ. ಎರಡನೇ ಕಿಮೋ ಹೊತ್ತಿಗೆ ಆಕೆಯೇ ನಿದ್ದೆಗೆಟ್ಟು ಬಳಲಿರುತ್ತಾಳೆ. ಸರದಿಯ ಮೇಲೆ ಆಸ್ಪತ್ರೆಗೆ ಹೋಗುವ ಏರ್ಪಾಡು ಮಾಡಿಕೊಳ್ಳಿ. ಊರಿನ ಆಶಾ ಕಾರ್ಯಕರ್ತೆಗೆ ವಿಷಯ ತಿಳಿಸಿದರೆ ಬಹಳ ನೆರವಾಗುತ್ತದೆ. ಮನಸ್ಸು ಕುಸಿದಾಗ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ಇದೇ ರೋಗದಿಂದ ಗುಣವಾದವರೊಬ್ಬರನ್ನು ಕಂಡು ಮಾತನಾಡಿಸಿಕೊಡಿ ಎಂದು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ. ಯಾವ ಕೈಪಿಡಿಯೂ ಆ ಅರ್ಧ ಗಂಟೆಗೆ ಸಮನಲ್ಲ.

ಚಿಕಿತ್ಸೆ ಮುಗಿದ ಮೇಲೆ

ರೋಗ ಮರಳುವುದಿದ್ದರೆ ಡಿಫ್ಯೂಸ್ ಲಾರ್ಜ್ ಬಿ ಸೆಲ್, ಹಾಡ್ಜ್‌ಕಿನ್ ಬಗೆಗಳಲ್ಲಿ ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲಿ. ಹಾಗಾಗಿ ಆ ಅವಧಿಯಲ್ಲಿ ಮೂರು ತಿಂಗಳಿಗೊಮ್ಮೆ, ನಂತರ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ತೋರಿಸುವ ಪದ್ಧತಿ ಇದೆ. ಯಾವ ಲಕ್ಷಣವೂ ಇಲ್ಲದಿದ್ದರೆ ಪದೇ ಪದೇ ಪೆಟ್ ಸ್ಕ್ಯಾನ್ ಮಾಡಿಸುವ ಅಗತ್ಯವಿಲ್ಲ. ಮರಳಿದರೂ ದಾರಿ ಮುಗಿಯುವುದಿಲ್ಲ: ಬೇರೆ ಕಿಮೋ, ರೋಗಿಯದೇ ಕಾಂಡಕೋಶಗಳ (ಸ್ಟೆಮ್ ಸೆಲ್) ಕಸಿ, ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಆಸ್ಪತ್ರೆಯ ಸಹಯೋಗದಲ್ಲಿ ರೂಪುಗೊಂಡು 2023ರಲ್ಲಿ ಒಪ್ಪಿಗೆ ಪಡೆದ, ರೋಗಿಯದೇ ಟಿ ಕಣಗಳನ್ನು ಮಾರ್ಪಡಿಸಿ ಕೊಡುವ ಕಾರ್ ಟಿ ಚಿಕಿತ್ಸೆ ಇವೆ. ಮರಳಿದಂತೆ ಕಂಡ ಗಂಟನ್ನು ಮತ್ತೆ ಬಯಾಪ್ಸಿ ಮಾಡಿಸಿಯೇ ಮುಂದುವರಿಯಬೇಕು. ಆ ಗಂಟು ಕ್ಷಯವೂ ಆಗಿರಬಹುದು, ಲಿಂಫೋಮಾ ಬಗೆ ಬದಲಿಸಿರಲೂಬಹುದು.

ಕುತ್ತಿಗೆಗೆ ವಿಕಿರಣ ಪಡೆದವರು ವರ್ಷಕ್ಕೊಮ್ಮೆ ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಹರೆಯದಲ್ಲಿ ಎದೆಗೆ ವಿಕಿರಣ ಪಡೆದ ಹೆಣ್ಣುಮಕ್ಕಳಿಗೆ ಸ್ತನ ಕ್ಯಾನ್ಸರಿನ ತಪಾಸಣೆ ಇತರರಿಗಿಂತ ಬೇಗನೆ, ಸಾಮಾನ್ಯವಾಗಿ ಚಿಕಿತ್ಸೆಯಾದ ಎಂಟನೇ ವರ್ಷದಿಂದ, ಶುರುವಾಗಬೇಕು. ಡಾಕ್ಸೋರುಬಿಸಿನ್ ಎಷ್ಟು ಪಡೆದಿದ್ದಾರೆ ಎಂಬ ಒಟ್ಟು ಲೆಕ್ಕ ಹೃದಯದ ದೃಷ್ಟಿಯಿಂದ ಜೀವನವಿಡೀ ಬೇಕಾಗುತ್ತದೆ. ಆದ್ದರಿಂದ ಕೊನೆಯ ಕಿಮೋ ದಿನ ಆಸ್ಪತ್ರೆ ಬಿಡುವ ಮುನ್ನ, ರೋಗದ ಪೂರ್ತಿ ಹೆಸರು, ಹಂತ, ಕೊಟ್ಟ ಔಷಧಗಳ ಒಟ್ಟು ಪ್ರಮಾಣ, ವಿಕಿರಣದ ಜಾಗ ಮತ್ತು ಪ್ರಮಾಣ ಇಷ್ಟನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು, ವೈದ್ಯರ ಸಹಿ ಹಾಕಿಸಿ, ಫೈಲಿನ ಮೊದಲ ಪುಟವಾಗಿ ಇಡಿ.